ಲೊಫೋಟೆನ್: ಕಡಲು ಮತ್ತು ಬೇಸಾಯ

ಲೊಫೋಟೆನ್ ನಾರ್ವೆಯ ಉತ್ತರ ಕರಾವಳಿಯ ದ್ವೀಪಸಮೂಹ. ಆರ್ಕ್ಟಿಕ್ ವೃತ್ತದಿಂದಾಚೆ, 67°–68° ಉತ್ತರ ಅಕ್ಷಾಂಶದಲ್ಲಿದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದಿಂದಾಗಿ ಇಲ್ಲಿನ ಕಡಲು ನಡುಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಕಾಡ್ ಮೀನು ಮತ್ತು ಸಣ್ಣ ಹಿಡುವಳಿ, ಇವೆರಡನ್ನೂ ನೆಚ್ಚಿ ಇಲ್ಲಿನ ಜನ ಶತಮಾನಗಳ ಕಾಲ ಬಾಳಿದ್ದಾರೆ.

ಮೀನುಗಾರಿಕೆ: ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡಲು ಇಲ್ಲಿಗೆ ಬರುತ್ತದೆ. ಹಿಂದೆ ಉತ್ತರ ನಾರ್ವೆಯ ಊರೂರುಗಳಿಂದ ಗಂಡಸರು ಹಾಯಿದೋಣಿಗಳಲ್ಲಿ ಬಂದು, ದಡದ ‘ರೂರ್ಬು’ ಎಂಬ ಮರದ ಬಿಡಾರಗಳಲ್ಲಿ ತಂಗಿ, ಗಾಳ ಮತ್ತು ಬಲೆಗಳಿಂದ ಮೀನು ಹಿಡಿಯುತ್ತಿದ್ದರು. ತಲೆ ಕತ್ತರಿಸಿ, ಕರುಳು ತೆಗೆದ ಮೀನನ್ನು ಎರಡೆರಡಾಗಿ ಬಾಲಕ್ಕೆ ಬಾಲ ಕಟ್ಟಿ ಮರದ ಅಟ್ಟಣೆಗಳ ಮೇಲೆ ತೂಗುಹಾಕುತ್ತಾರೆ. ಉಪ್ಪು ಹಾಕುವುದಿಲ್ಲ. ಶೂನ್ಯದ ಆಸುಪಾಸಿನ ಉಷ್ಣಾಂಶದಲ್ಲಿ ನೊಣದ ಕಾಟವಿಲ್ಲ, ಮೀನು ಕೊಳೆಯುವುದೂ ಇಲ್ಲ. ವಸಂತ ಮುಗಿಯುವಷ್ಟರಲ್ಲಿ ಕಟ್ಟಿಗೆಯಂತೆ ಗಟ್ಟಿಯಾಗುವ ಈ ಒಣಮೀನು ವರ್ಷಗಟ್ಟಲೆ ಕೆಡದು.

ಗ್ರಾಮಜೀವನ: ಗಂಡಸರು ಕಡಲಿಗಿಳಿದಾಗ ಬೇಸಾಯದ ಹೊಣೆ ಹೆಂಗಸರದಾಗಿತ್ತು. ಹಸು, ಕುರಿ, ಆಲೂಗಡ್ಡೆ ಹಾಗೂ ಹುಲ್ಲುಗಾವಲನ್ನು ಅವರೇ ನೋಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಮೇವು ಸಾಲದಾದಾಗ ಮೀನಿನ ತಲೆ ಮತ್ತು ಕಡಲಪಾಚಿಯನ್ನು ಕುದಿಸಿ ದನಗಳಿಗೆ ಹಾಕುತ್ತಿದ್ದರು. ಹಾಲು, ಮಾಂಸ, ಉಣ್ಣೆ ಮನೆಯ ಬಳಕೆಗೆ. ಧಾನ್ಯ ಮತ್ತು ತೆರಿಗೆಗೆ ಬೇಕಾದ ಹಣ ಮೀನಿನಿಂದ.

ಇತಿಹಾಸ: ಇಲ್ಲಿನ ಬೋರ್ಗ್ ಎಂಬ ಊರಿನಲ್ಲಿ ವೈಕಿಂಗ್ ನಾಯಕನೊಬ್ಬನ 83 ಮೀಟರ್ ಉದ್ದದ ಮನೆಯ ಅವಶೇಷ ದೊರೆತಿದೆ. ಮಧ್ಯಯುಗದಲ್ಲಿ ಇಲ್ಲಿನ ಒಣಮೀನು ಬರ್ಗೆನ್ ಬಂದರಿಗೆ ಹೋಗಿ, ‘ಹಾನ್ಸಾ’ ಎಂಬ ಜರ್ಮನ್ ವ್ಯಾಪಾರಿ ಕೂಟದ ವರ್ತಕರ ಮೂಲಕ ಯುರೋಪಿನಾದ್ಯಂತ ಮಾರಾಟವಾಗುತ್ತಿತ್ತು. ವರ್ತಕರಿಗೂ ಮೀನುಗಾರ ಊರುಗಳ ಒಡೆಯರಿಗೂ ಸಾಲ ತೀರಿಸುವುದರಲ್ಲೇ ಅನೇಕ ಕುಟುಂಬಗಳ ದುಡಿಮೆ ಸವೆಯಿತು. 1816ರ ಕಾನೂನು ಈ ಒಡೆಯರಿಗೆ ಕಡಲಿನ ಮೇಲೂ ಹಿಡಿತ ಕೊಟ್ಟಿತ್ತು. 1857ರ ಕಾನೂನು ಅದನ್ನು ಕಿತ್ತುಹಾಕಿ ಎಲ್ಲ ಮೀನುಗಾರರಿಗೂ ಕಡಲನ್ನು ಮುಕ್ತಗೊಳಿಸಿತು. ಮೀನಿನ ಕನಿಷ್ಠ ಬೆಲೆ ಗೊತ್ತುಮಾಡುವ ಹಕ್ಕು 1938ರಲ್ಲಿ ಮೀನುಗಾರರ ಮಾರಾಟ ಸಂಘಟನೆಗೇ ಬಂತು.

ಇಂದು: ಯಂತ್ರದೋಣಿಗಳು ಬಂದ ಮೇಲೆ ಮೀನುಗಾರರ ಸಂಖ್ಯೆ ಕುಗ್ಗಿದೆ, ಸಣ್ಣ ಹಿಡುವಳಿಗಳು ಬಹುಮಟ್ಟಿಗೆ ನಿಂತುಹೋಗಿವೆ. ಹಳೆಯ ರೂರ್ಬುಗಳಲ್ಲಿ ಹಲವು ಪ್ರವಾಸಿಗರ ವಸತಿಗಳಾಗಿವೆ. ಕಾಡ್ ಮೀನುಗಾರಿಕೆ ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗೆ ನಡೆಯುತ್ತದೆ. ಒಣಮೀನಿಗೆ ಈಗ ಮುಖ್ಯ ಮಾರುಕಟ್ಟೆ ಇಟಲಿ. ಒಣಗಿಸಿದ ತಲೆಗಳು ನೈಜೀರಿಯಕ್ಕೆ ರಫ್ತಾಗುತ್ತವೆ.