ಆಮ್ಲಜನಕ ಕೈಯಳತೆಯಲ್ಲೇ ಇತ್ತು: 1875ರ ‘ಜೆನಿತ್’ ಬಲೂನು ದುರಂತದ ಮರುಪರಿಶೀಲನೆ

1875ರ ಏಪ್ರಿಲ್ 15ರ ಬೆಳಿಗ್ಗೆ ಪ್ಯಾರಿಸ್ಸಿನ ಲಾ ವಿಲೆತ್ ಅನಿಲ ಕಾರ್ಖಾನೆಯಿಂದ ‘ಜೆನಿತ್’ ಬಲೂನು ಮೇಲೇರಿತು. ಸಂಜೆ ನಾಲ್ಕರ ಸುಮಾರಿಗೆ ಅದು ಸಿರೋಂ ಹಳ್ಳಿಯ ಬಳಿ ನೆಲ ಮುಟ್ಟಿದಾಗ ಮೂವರಲ್ಲಿ ಗಾಸ್ತೋಂ ತಿಸ್ಸಾಂದಿಯೇ ಮಾತ್ರ ಬದುಕಿದ್ದರು. ಜೋಸೆಫ್ ಕ್ರೋಸೆ-ಸ್ಪಿನೆಲಿ ಮತ್ತು ತೆಯೊಡೋರ್ ಸಿವೆಲ್ ಮೇಲೆಯೇ ತೀರಿಕೊಂಡಿದ್ದರು. ಫ್ರಾನ್ಸ್ ಅವರನ್ನು ವಿಜ್ಞಾನದ ಹುತಾತ್ಮರೆಂದು ಕೊಂಡಾಡಿ, ಪೇರ್ ಲಾಶೇಸ್ ಸ್ಮಶಾನದಲ್ಲಿ ಜೋಡಿ ಕಂಚಿನ ಪ್ರತಿಮೆ ಮಲಗಿಸಿತು. ಹೊಗಳಿಕೆಯ ಭರದಲ್ಲಿ ಹಿಂದೆ ಸರಿದ ಸಂಗತಿಯೊಂದಿದೆ: ಬುಟ್ಟಿಯಲ್ಲಿ ಆಮ್ಲಜನಕವಿತ್ತು.

ಎತ್ತರದ ಅಪಾಯ ಆಗ ಹೊಸದೇನಲ್ಲ. 1862ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಿಂದ ಹಾರಿದ ಜೇಮ್ಸ್ ಗ್ಲೇಷರ್ 29,000 ಅಡಿಯ ಹತ್ತಿರ ಪ್ರಜ್ಞೆ ತಪ್ಪಿದ್ದರು. ಕೈ ಮರಗಟ್ಟಿದ್ದ ಹೆನ್ರಿ ಕಾಕ್ಸ್‌ವೆಲ್ ಕವಾಟದ ಹಗ್ಗವನ್ನು ಹಲ್ಲಿನಿಂದ ಎಳೆದದ್ದರಿಂದ ಇಬ್ಬರೂ ಉಳಿದರು. ಕಾರಣವನ್ನು ಪ್ರಯೋಗಾಲಯದಲ್ಲಿ ಬಿಡಿಸಿದವರು ಫ್ರೆಂಚ್ ಶರೀರಶಾಸ್ತ್ರಜ್ಞ ಪೋಲ್ ಬೆರ್. 1874ರಲ್ಲಿ ಸಿವೆಲ್ ಮತ್ತು ಕ್ರೋಸೆ-ಸ್ಪಿನೆಲಿ ಬೆರ್ ಅವರ ಕಡಿಮೆ ಒತ್ತಡದ ಕೋಣೆಯಲ್ಲಿ ಕುಳಿತು, ಆಮ್ಲಜನಕ ಸೇದುತ್ತಲೇ ಚೇತರಿಸಿಕೊಳ್ಳುವುದನ್ನು ಸ್ವತಃ ಅನುಭವಿಸಿದ್ದರು; ಅದೇ ವರ್ಷ ಬಲೂನಿನಲ್ಲಿ ಸುಮಾರು 7,300 ಮೀಟರ್ ಏರಿ ಬಂದಿದ್ದರು. ಅಂದರೆ ಇವರು ಏನೂ ಅರಿಯದ ಸಾಹಸಿಗಳಲ್ಲ.

‘ಜೆನಿತ್’ನಲ್ಲಿ ದನದ ಕರುಳಿನ ತೆಳುಪೊರೆಯಿಂದ ಮಾಡಿದ ಮೂರು ಚೀಲಗಳಿದ್ದವು. ಒಳಗಿದ್ದದ್ದು ಸುಮಾರು 70 ಶೇಕಡಾ ಆಮ್ಲಜನಕ ಬೆರೆತ ಗಾಳಿ. ಇದು ಸಾಲದೆಂದು ಬೆರ್ ಬರೆದ ಪತ್ರ ತಡವಾಗಿ ತಲುಪಿತು. ಪ್ರಮಾಣ ಕಡಿಮೆಯಿದ್ದುದು ನಿಜ. ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು ಅದನ್ನು ಬಳಸುವ ಯೋಜನೆಯಲ್ಲಿತ್ತು: ಇರುವುದನ್ನು ಉಳಿಸಿಕೊಂಡು, ತೀರಾ ಬೇಕೆನಿಸಿದಾಗ ಸೇದುವುದು ಅವರ ಲೆಕ್ಕಾಚಾರ. ಬೇಕೆಂದು ಅನಿಸಬೇಕಾದ ಮಿದುಳೇ ಮೊದಲು ಮಂಕಾಗುತ್ತದಲ್ಲ!

ತಿಸ್ಸಾಂದಿಯೇ ಅವರ ವಿವರಣೆಯೇ ಇದಕ್ಕೆ ಸಾಕ್ಷಿ. 7,000 ಮೀಟರ್ ದಾಟಿದ ಮೇಲೆ ಸಂಕಟವಿರಲಿಲ್ಲ, ಒಳಗೊಳಗೇ ಒಂದು ಬಗೆಯ ಹಿಗ್ಗಿತ್ತು. ಇನ್ನೂ ಮೇಲಕ್ಕೆ ಹೋಗೋಣವೇ ಎಂದು ಕೇಳಿ, ಒಪ್ಪಿಗೆ ಪಡೆದು, ಸಿವೆಲ್ ಮರಳು ಮೂಟೆಗಳ ಹಗ್ಗ ಕತ್ತರಿಸಿದರು. ಆಮ್ಲಜನಕದ ನಳಿಕೆಗೆ ಕೈ ಚಾಚಲು ಹೋದರೆ ತಿಸ್ಸಾಂದಿಯೇ ಅವರ ತೋಳು ಮೇಲೇಳಲಿಲ್ಲ. 8,000 ಮೀಟರ್ ಮುಟ್ಟಿದೆವೆಂದು ಕೂಗಬೇಕೆಂದರೆ ನಾಲಿಗೆ ಹೊರಳಲಿಲ್ಲ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಪ್ರಜ್ಞೆ ಹೋಯಿತು. ಎರಡು ಗಂಟೆ ದಾಟಿದ ಮೇಲೆ ಎಚ್ಚರವಾದಾಗ ಬಲೂನು ವೇಗವಾಗಿ ಇಳಿಯುತ್ತಿತ್ತು. ಆಗ ಕ್ರೋಸೆ-ಸ್ಪಿನೆಲಿ ಎದ್ದು ಭಾರವಾದ ಉಪಕರಣವೊಂದನ್ನು ಹೊರಗೆಸೆದರು. ಬಲೂನು ಮತ್ತೆ ಏರಿತು. ನೆಲಕ್ಕೆ ಅಪ್ಪಳಿಸುವ ಭಯವೋ, ಅರೆಪ್ರಜ್ಞೆಯ ಮಂಕುತನವೋ, ಅಂತೂ ಆ ಎರಡನೆಯ ಏರಿಕೆ ಪ್ರಾಣಕ್ಕೇ ಎರವಾಯಿತು. ತಿಸ್ಸಾಂದಿಯೇ ಮತ್ತೊಮ್ಮೆ ಕಣ್ಣು ಬಿಟ್ಟಾಗ ಗೆಳೆಯರಿಬ್ಬರೂ ಕುಸಿದಿದ್ದರು, ಸಿವೆಲ್ ಬಾಯಿಯ ತುಂಬ ರಕ್ತ. ಮೊಹರು ಮಾಡಿದ್ದ ವಾಯುಭಾರಮಾಪಕಗಳು ಆಮೇಲೆ ಗರಿಷ್ಠ ಎತ್ತರವನ್ನು ಸುಮಾರು 8,600 ಮೀಟರ್ ಎಂದು ತೋರಿಸಿದವು. ತಿಸ್ಸಾಂದಿಯೇ ಅವರ ಕಿವಿ ಕೇಳಿಸದಾಯಿತು.

ಬೆರ್ 1878ರ ತಮ್ಮ ಬೃಹತ್ ಗ್ರಂಥದಲ್ಲಿ ವಾಯುಭಾರದ ಪ್ರಶ್ನೆಯನ್ನು ವಿಸ್ತಾರವಾಗಿ ಚರ್ಚಿಸಿದರು. ಆದರೂ ಕಲಿಕೆ ನಿಧಾನವಾಗಿತ್ತು. ಜರ್ಮನಿಯ ಆರ್ಥರ್ ಬೆರ್ಸನ್ 1894ರಲ್ಲಿ ಆಮ್ಲಜನಕದ ನೆರವಿನಿಂದ ಒಬ್ಬರೇ 9,000 ಮೀಟರ್ ದಾಟಿ ಮರಳಿದರು. 1901ರಲ್ಲಿ ಅವರು ರೈನ್‌ಹಾರ್ಡ್ ಸ್ಯೂರಿಂಗ್ ಜೊತೆ 10,800 ಮೀಟರ್ ಮುಟ್ಟಿದಾಗ ಇಬ್ಬರೂ ಪ್ರಜ್ಞೆ ತಪ್ಪಿದರು. ಬೀಳುವ ಮುನ್ನ ಬೆರ್ಸನ್ ಕವಾಟದ ಹಗ್ಗ ಎಳೆದದ್ದಷ್ಟೇ ಅವರನ್ನು ಉಳಿಸಿತು. ಆಮ್ಲಜನಕವನ್ನು ಅವರು ಇನ್ನೂ ನಳಿಕೆಯಿಂದಲೇ ಸೇದುತ್ತಿದ್ದರು. ಮುಖಕ್ಕೆ ಕಟ್ಟುವ ಮುಖವಾಡ ಬಂದದ್ದು ಆಮೇಲೆ.