ತಾರೀಖಿಲ್ಲದ ಮೊಟ್ಟೆ

ಶಿವಮೊಗ್ಗದ ಗಾಂಧಿ ಬಜಾರಿನ ದಿನಸಿ ಅಂಗಡಿಯಾಗಲಿ, ಭದ್ರಾವತಿಯ ಪೇಪರ್ ಟೌನಿನ ಗೂಡಂಗಡಿಯಾಗಲಿ, ಮೊಟ್ಟೆ ಸಾಮಾನ್ಯವಾಗಿ ಕಾಣಸಿಗುವುದು ಒಂದೇ ರೂಪದಲ್ಲಿ: ಬೂದುಬಣ್ಣದ ರಟ್ಟಿನ ಟ್ರೇ, ಅದರಲ್ಲಿ ಮೂವತ್ತು ಮೊಟ್ಟೆ. ಟ್ರೇಯ ಮೇಲೆ ಒಂದಕ್ಷರವೂ ಇಲ್ಲ. ಅದೇ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಆರು ಮೊಟ್ಟೆಯ ಪೆಟ್ಟಿಗೆಯೊಂದಿದೆ. ಅದರ ಮೈತುಂಬ ಬರಹ: ಪ್ಯಾಕ್ ಮಾಡಿದ ದಿನ, ಇಂತಿಷ್ಟು ದಿನದೊಳಗೆ ಬಳಸಿ ಎಂಬ ಸೂಚನೆ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಕಂದು ತ್ರಿಕೋನ. ಒಳಗಿರುವ ವಸ್ತು ಎರಡರಲ್ಲೂ ಒಂದೇ. ಒಂದಕ್ಕೆ ಬರಹ ಬಂತು, ಇನ್ನೊಂದಕ್ಕೆ ಬರಲಿಲ್ಲ. ಈ ವ್ಯತ್ಯಾಸಕ್ಕೆ ಸುಮಾರು ನೂರು ವರ್ಷದ ಚರಿತ್ರೆಯಿದೆ.

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಹಳೆಯ ಪರಂಪರೆಯೇ ಇದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಆದರೆ ಅವನು ಜೈನ ಕವಿ, ಅವನ ಅಡುಗೆಮನೆ ಸಸ್ಯಾಹಾರದ್ದು. ಮೊಟ್ಟೆಯ ಬಗೆಗಿನ ತಿಳಿವಳಿಕೆ ಹೆಚ್ಚಾಗಿ ಓಲೆಗರಿಗೆ ಏರದೆ, ಕೋಳಿ ಸಾಕುವ ಹೆಂಗಸರ ಕೈಯಲ್ಲಿ, ಬಾಯಲ್ಲಿ ಉಳಿಯಿತು. ಯಾವ ಹೇಂಟೆ ಎಂದು ಇಟ್ಟದ್ದು, ಯಾವುದನ್ನು ಕಾವಿಗೆ ಬಿಡಬೇಕು, ಯಾವುದನ್ನು ತಿನ್ನಬಹುದು ಎಂಬುದು ಅವರಿಗೆ ಗೊತ್ತಿತ್ತು. ಅಕ್ಕಿ, ರಾಗಿ ಅಥವಾ ಹೊಟ್ಟಿನಲ್ಲಿ ಹೂತಿಡುವುದು, ನೀರಿನಲ್ಲಿ ಹಾಕಿ ಮುಳುಗುತ್ತದೋ ತೇಲುತ್ತದೋ ಎಂದು ನೋಡುವುದು, ದೀಪದ ಬೆಳಕಿಗೆ ಹಿಡಿಯುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು, ಇವೇ ಆ ಕಾಲದ ಲೇಬಲ್ಲುಗಳು. ಕೊಡುವವರೂ ಕೊಳ್ಳುವವರೂ ಪರಸ್ಪರ ಮುಖ ಬಲ್ಲವರಾಗಿದ್ದರಿಂದ ಬರಹದ ಅಗತ್ಯವೇ ಇರಲಿಲ್ಲ.

ಅಗತ್ಯ ಹುಟ್ಟಿದ್ದು ಮುಖ ಕಾಣದ ವ್ಯಾಪಾರ ಬೆಳೆದಾಗ. ಭದ್ರಾವತಿಯನ್ನೇ ನೋಡಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ. ಇವೆರಡೂ ಭದ್ರಾ ನದಿಯ ದಡದಲ್ಲಿ ಹೊಸ ಜನವನ್ನು ತಂದು ನೆಲೆಗೊಳಿಸಿದವು. ಪಾಳಿಯಲ್ಲಿ ದುಡಿಯುವ, ಕ್ವಾರ್ಟರ್ಸಿನಲ್ಲಿ ವಾಸಿಸುವ ಕುಟುಂಬಗಳಿಗೆ ಹಿತ್ತಿಲ ಕೋಳಿಗಿಂತ ಅಂಗಡಿಯ ಮೊಟ್ಟೆಯೇ ಅನುಕೂಲ. ಆದರೆ ಅಂಗಡಿಯ ಮೊಟ್ಟೆ ಎಲ್ಲಿಂದ ಬಂತು, ಎಷ್ಟು ದಿನದ್ದು ಎಂದು ಹೇಳುವವರು ಯಾರು?

ಇದೇ ಪ್ರಶ್ನೆ ಆಗ ಬ್ರಿಟಿಷ್ ಇಂಡಿಯಾದ ಸರ್ಕಾರದ ಮುಂದೆಯೂ ಇತ್ತು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗ 1928ರಲ್ಲಿ ವರದಿ ಕೊಟ್ಟ ಮೇಲೆ ಕೃಷಿ ಮಾರುಕಟ್ಟೆಯ ಸಮೀಕ್ಷೆಗಳು ಆರಂಭವಾದವು. 1937ರಲ್ಲಿ ಕೃಷಿ ಉತ್ಪನ್ನಗಳ ವರ್ಗೀಕರಣ ಮತ್ತು ಗುರುತು ಕಾಯಿದೆ ಬಂತು. ನಾವು ತುಪ್ಪದ ಡಬ್ಬಿಯ ಮೇಲೆ, ಜೇನಿನ ಬಾಟಲಿಯ ಮೇಲೆ ನೋಡುವ ‘ಅಗ್‌ಮಾರ್ಕ್’ ಹುಟ್ಟಿದ್ದು ಇಲ್ಲಿಂದ. ಆ ಕಾಯಿದೆಯ ಮೊದಲ ಪಟ್ಟಿಯಲ್ಲೇ ಹಣ್ಣು, ತರಕಾರಿಗಳ ಜೊತೆಗೆ ಮೊಟ್ಟೆಯೂ ಇತ್ತು. ಮುಂದೆ ನೆಲೆನಿಂತ ವರ್ಗೀಕರಣದಲ್ಲಿ 60 ಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನದು ಅತಿ ದೊಡ್ಡದು, 53ರಿಂದ 59 ದೊಡ್ಡದು, 45ರಿಂದ 52 ಮಧ್ಯಮ, 38ರಿಂದ 44 ಸಣ್ಣದು. ಚಿಪ್ಪು, ಬಿಳಿ, ಹಳದಿ ಮತ್ತು ಒಳಗಿನ ಗಾಳಿಗೂಡನ್ನು ನೋಡಿ ‘ಎ’, ‘ಬಿ’ ದರ್ಜೆ. ಹೇಂಟೆ ಸಾಕುವ ಅಜ್ಜಿ ದೀಪಕ್ಕೆ ಹಿಡಿದು ನೋಡುತ್ತಿದ್ದುದನ್ನೇ ಕಾನೂನು ಗ್ರಾಂ ಮತ್ತು ಮಿಲಿಮೀಟರಿನ ಭಾಷೆಗೆ ತಂದಿತು. ಆದರೆ ಈ ಗುರುತು ಮೊಟ್ಟೆಗೆ ಐಚ್ಛಿಕವಾಗಿಯೇ ಉಳಿಯಿತು. ಮೂವತ್ತರ ಟ್ರೇಗೆ ಅದು ಇಳಿಯಲಿಲ್ಲ.

ಪೆಟ್ಟಿಗೆಯ ಕಥೆ ಬೇರೆ. 1911ರ ಹೊತ್ತಿಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜೋಸೆಫ್ ಕಾಯ್ಲ್ ಎಂಬಾತ ಮೊಟ್ಟೆಗಾಗಿ ಮನೆಮನೆಯಾಗಿ ವಿಂಗಡಿಸಿದ ಕಾಗದದ ಪೆಟ್ಟಿಗೆ ರೂಪಿಸಿದ. ಒಡೆದ ಮೊಟ್ಟೆಗಳಿಗಾಗಿ ರೈತನಿಗೂ ಹೋಟೆಲಿನವನಿಗೂ ನಡೆಯುತ್ತಿದ್ದ ಜಗಳ ಬಗೆಹರಿಸಲು ಹೊರಟು ಇದನ್ನು ಕಂಡುಹಿಡಿದ ಎಂಬ ಕಥೆ ಪ್ರಚಲಿತ. ಕಾಯ್ಲ್ ವೃತ್ತಿಯಿಂದ ಪತ್ರಿಕೆಯ ಪ್ರಕಾಶಕ. ಕಾಗದಕ್ಕೂ ಮೊಟ್ಟೆಗೂ ಇರುವ ಈ ನಂಟು ಭದ್ರಾವತಿಯವರಿಗೆ ಅಪರಿಚಿತವಲ್ಲ. ಇಲ್ಲಿನ ಕಾರ್ಖಾನೆ 1980ರ ದಶಕದಿಂದ ಪತ್ರಿಕಾ ಕಾಗದವನ್ನೂ ತಯಾರಿಸಿತು. ಆ ಕಾಗದ ಸುದ್ದಿಯಾಗಿ ಓದಿಸಿಕೊಂಡು, ಮರುದಿನ ಅಂಗಡಿಯಲ್ಲಿ ಮೊಟ್ಟೆಯ ಪೊಟ್ಟಣವಾಗಿ ಮನೆಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಮುದ್ರಣದ ಮಸಿ ಆಹಾರಕ್ಕೆ ತಾಗುತ್ತದೆ ಎಂಬ ಕಾರಣಕ್ಕೆ 2018ರ ಪ್ಯಾಕೇಜಿಂಗ್ ನಿಯಮಗಳು ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿದವು. ಮೊಟ್ಟೆಗೆ ಚಿಪ್ಪಿನ ರಕ್ಷಣೆ ಇದೆಯಲ್ಲ ಎನ್ನಬಹುದು. ಆದರೆ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಮೊಟ್ಟೆ ಅವುಗಳ ಮೂಲಕವೇ ಉಸಿರಾಡುತ್ತದೆ.

1982ರಲ್ಲಿ ಬಿ. ವಿ. ರಾವ್ ಮುಂದಾಳತ್ವದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಸ್ಥಾಪನೆಯಾಯಿತು. ದಲ್ಲಾಳಿಗಳ ಕೈಯಲ್ಲಿದ್ದ ಬೆಲೆಯನ್ನು ರೈತರೇ ಘೋಷಿಸುವಂತಾಯಿತು. ಬೆಂಗಳೂರು, ಮೈಸೂರು, ಹೊಸಪೇಟೆಯ ದರ ದಿನವೂ ಪ್ರಕಟವಾಗುತ್ತದೆ. ಹೀಗೆ ಮೊಟ್ಟೆಯ ಇಂದಿನ ಬೆಲೆ ಎಷ್ಟೆಂದು ಕರ್ನಾಟಕದ ಯಾವ ಮೂಲೆಯಲ್ಲಿದ್ದರೂ ತಿಳಿಯಬಹುದು. ಅದರ ವಯಸ್ಸು ಎಷ್ಟೆಂದು ಮಾತ್ರ ತಿಳಿಯದು. ಟ್ರೇಯ ಮೊಟ್ಟೆ ಈ ಎರಡು ಲೋಕಗಳ ನಡುವೆ ಸಿಕ್ಕಿಕೊಂಡಿದೆ. ಅದನ್ನು ಇಟ್ಟ ಕೋಳಿಯ ಪರಿಚಯ ನಮಗಿಲ್ಲ, ಓದಲು ಬರಹವೂ ಇಲ್ಲ.

ಬರಹವಿರುವ ಪೆಟ್ಟಿಗೆಯನ್ನಾದರೂ ನಾವು ಸರಿಯಾಗಿ ಓದುತ್ತೇವೆಯೇ? ಅಲ್ಲಿರುವ 14 ಅಂಕಿಗಳು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ. 112ರಿಂದ ಶುರುವಾದರೆ ಕರ್ನಾಟಕದಲ್ಲಿ ಕೊಟ್ಟ ರಾಜ್ಯ ಪರವಾನಗಿ, 100ರಿಂದಾದರೆ ಕೇಂದ್ರದ್ದು. ಅದು ವ್ಯಾಪಾರಿಯ ಗುರುತೇ ಹೊರತು ಈ ಆರು ಮೊಟ್ಟೆಗಳನ್ನು ಪರೀಕ್ಷಿಸಿದ್ದಾರೆ ಎಂಬ ಭರವಸೆಯಲ್ಲ. ಪ್ಯಾಕ್ ಮಾಡಿದ ದಿನವೇ ಕೋಳಿ ಮೊಟ್ಟೆಯಿಟ್ಟ ದಿನವಾಗಿರಬೇಕಿಲ್ಲ. ‘ಫಾರ್ಮ್ ಫ್ರೆಶ್’, ‘ನ್ಯಾಚುರಲ್’ ಎಂಬವು ಜಾಹೀರಾತಿನ ಮಾತುಗಳು. ಕಂದು ಚಿಪ್ಪು ತಳಿಯ ಗುಣ, ಅದರಿಂದಲೇ ಪೌಷ್ಟಿಕತೆ ಹೆಚ್ಚುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2004ರಿಂದ ಚಿಪ್ಪಿನ ಮೇಲೇ ಸಂಕೇತ ಒತ್ತುತ್ತಾರೆ. ಮೊದಲ ಅಂಕಿ 0 ಎಂದರೆ ಸಾವಯವ, 1 ಬಯಲಲ್ಲಿ ಬಿಟ್ಟು ಸಾಕಿದ್ದು, 2 ಕೊಟ್ಟಿಗೆಯೊಳಗೆ ಬಿಟ್ಟದ್ದು, 3 ಪಂಜರದ್ದು. ನಮ್ಮಲ್ಲಿ ಬರಹ ಹೆಚ್ಚಾಗಿ ಪೆಟ್ಟಿಗೆಗೆ ಸೇರಿದ್ದು. ಮೊಟ್ಟೆಗಳನ್ನು ಫ್ರಿಜ್ಜಿನ ಗುಳಿಗಳಿಗೆ ಜೋಡಿಸಿ ಪೆಟ್ಟಿಗೆ ಎಸೆದರೆ ತಾರೀಖೂ ಅದರ ಜೊತೆಗೇ ಹೋಗುತ್ತದೆ.

ಹಾಗಾದರೆ ಅಜ್ಜಿಯ ನೀರಿನ ಪರೀಕ್ಷೆಗೇ ಮರಳೋಣವೇ? ಆ ಪರೀಕ್ಷೆ ಸುಳ್ಳಲ್ಲ. ದಿನ ಕಳೆದಂತೆ ತೇವ ಆರಿ ಗಾಳಿಗೂಡು ದೊಡ್ಡದಾಗುತ್ತದೆ, ಆದ್ದರಿಂದ ಹಳೆಯ ಮೊಟ್ಟೆ ತೇಲುತ್ತದೆ. ಆದರೆ ಅದು ಹೇಳುವುದು ವಯಸ್ಸನ್ನು, ರೋಗವನ್ನಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಒಂದು ಬಗೆ ಚಿಪ್ಪು ಕಟ್ಟುವ ಮೊದಲೇ, ಕೋಳಿಯ ಹೊಟ್ಟೆಯಲ್ಲೇ ಮೊಟ್ಟೆಯೊಳಗೆ ಸೇರಬಲ್ಲದು. ಅಂಥ ಮೊಟ್ಟೆ ತಾಜಾ ಇರುತ್ತದೆ, ಮುಳುಗುತ್ತದೆ, ವಾಸನೆಯೂ ಬರುವುದಿಲ್ಲ. 1988ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಚಿವೆ ಎಡ್ವಿನಾ ಕರಿ ತಮ್ಮ ದೇಶದ ಮೊಟ್ಟೆಯಲ್ಲಿ ಇದು ವ್ಯಾಪಕವಾಗಿದೆ ಎಂದಾಗ ಮಾರಾಟ ಕುಸಿಯಿತು, ಅವರು ರಾಜೀನಾಮೆಯನ್ನೂ ಕೊಡಬೇಕಾಯಿತು. ಮುಂದೆ ಕೋಳಿಗಳಿಗೆ ಲಸಿಕೆ ಹಾಕಿಸುವ ಷರತ್ತಿನೊಂದಿಗೆ 1998ರಲ್ಲಿ ಸಿಂಹದ ಮುದ್ರೆ ಬಂತು. ಮುದ್ರೆಗೆ ಅರ್ಥ ಬಂದದ್ದು ಅದರ ಹಿಂದೆ ಲಸಿಕೆ ಇದ್ದುದರಿಂದ.

ಅಂಥ ವ್ಯವಸ್ಥೆ ಬೆನ್ನಿಗಿಲ್ಲದ ಕಡೆ ಎಚ್ಚರ ಅಡುಗೆಮನೆಯದ್ದೇ. ಒಡಕು, ಗಲೀಜು ಇರುವುದನ್ನು ಆರಿಸಿ ಬಿಡಿ. ತೊಳೆದು ಇಡಬೇಡಿ. ತೊಳೆದರೆ ಚಿಪ್ಪಿನ ಮೇಲಿನ ತೆಳುಪೊರೆ ಹೋಗುತ್ತದೆ. ಒರೆಸಿಟ್ಟು, ಬೇಕಿದ್ದರೆ ಬಳಸುವ ಮುನ್ನ ತೊಳೆಯಿರಿ. ಫ್ರಿಜ್ಜಿನ ಬಾಗಿಲಿಗಿಂತ ಒಳಗಿನ ಅರೆ ತಂಪು, ಅಲ್ಲಿ ಚೂಪು ತುದಿ ಕೆಳಗಾಗಿ ಇಡಿ. ಒಮ್ಮೆ ತಂಪಿಗೆ ಹೋದದ್ದನ್ನು ಹೊರಗೆ ಬಿಟ್ಟರೆ ಬೆವರುತ್ತದೆ. ಆ ತೇವದ ಜೊತೆ ಸೂಕ್ಷ್ಮಜೀವಿಗಳೂ ಒಳಗಿಳಿಯಬಹುದು. ತಂದ ದಿನವನ್ನು ಪೆನ್ಸಿಲಿನಲ್ಲಿ ಚಿಪ್ಪಿನ ಮೇಲೆ ಬರೆಯಿರಿ. ಬಿಳಿ, ಹಳದಿ ಎರಡೂ ಗಟ್ಟಿಯಾಗುವಂತೆ ಬೇಯಿಸಿ. ಬೇಯಿಸಿದ್ದನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬೇಡಿ.

ಈ ಮಾತು ಮನೆಗಷ್ಟೇ ಸೀಮಿತವಲ್ಲ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. 2021ರ ಕೊನೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾದದ್ದು ರಾಜ್ಯಕ್ಕೆಲ್ಲ ಹರಡಿ, 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಬೇಡದವರಿಗೆ ಬಾಳೆಹಣ್ಣು ಇದೆ. ವಾದವೆಲ್ಲ ನಡೆದದ್ದು ಕೊಡಬೇಕೇ ಬೇಡವೇ ಎಂಬುದರ ಸುತ್ತ. ಕೊಡುವ ಮೊಟ್ಟೆಗೆ ಎಷ್ಟು ದಿನವಾಗಿದೆ ಎಂಬ ಪ್ರಶ್ನೆಗೆ ಅಷ್ಟು ದನಿ ಇರಲಿಲ್ಲ. ತಾರೀಖು ಓದಿ ಕೊಳ್ಳುವ ಅವಕಾಶ ಇಂದು ಆರರ ಪೆಟ್ಟಿಗೆಗೆ ಹೆಚ್ಚು ಬೆಲೆ ತೆರಬಲ್ಲವರಿಗೆ ಸಿಕ್ಕಿದೆ. ಟ್ರೇಯ ಮೊಟ್ಟೆ ತಿನ್ನುವ ಕಾರ್ಮಿಕನಿಗೆ, ಸಾಲಿನಲ್ಲಿ ತಟ್ಟೆ ಹಿಡಿದು ಕೂತ ಮಗುವಿಗೆ ಆ ಅವಕಾಶವಿಲ್ಲ. 1937ರ ಕಾಯಿದೆ ಎತ್ತಿಕೊಂಡ ಪ್ರಶ್ನೆ ಅವರ ಮಟ್ಟಿಗೆ ಇನ್ನೂ ಉತ್ತರವಾಗಿಲ್ಲ. ಮೂವತ್ತರ ಟ್ರೇಗೆ ಒಂದು ತಾರೀಖಿನ ಚೀಟಿ ಅಂಟಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.