ಬೆಕ್ಕಿನ ಹಲ್ಲಿಗೆ ಹನ್ನೊಂದು ಸಾವಿರ

ಹೋದ ತಿಂಗಳು ನಮ್ಮ ಚಿಂಗಿಯ ಹಲ್ಲಿಗೆ 11,400 ರೂಪಾಯಿ ಖರ್ಚಾತು. ನಾ ಹೇಳೋಕಿಂತ ಮೊದಲ ಸುದ್ದಿ ಓಣಿ ತುಂಬ ಹಬ್ಬಿತ್ತು. ಬಾಜೂ ಮನಿ ವೈನಿ ಕಟ್ಟಿ ಮ್ಯಾಲೆ ಕೂತು, "ಅಲ್ಲವಾ, ನಿಮ್ಮ ಅತ್ತಿಯವರ ಹಲ್ಲಿನ ಸೆಟ್ಟಿಗೂ ಇಷ್ಟು ಆಗಿರಲಿಲ್ಲಲ್ಲ" ಅಂದ್ರು. ಅತ್ತಿಯವರು ಒಳಗ ಅವರೆಕಾಯಿ ಬಿಡಸ್ಲಿಕತ್ತಿದ್ರು, ಏನೂ ಮಾತಾಡಲಿಲ್ಲ. ವೈನಿ ಮಾತಿಗಿಂತ ಅವರು ಸುಮ್ಮನಿದ್ದದ್ದ ನನಗ ಜಾಸ್ತಿ ಚುಚ್ಚಿತು. ಬೆಕ್ಕಿನ ಬಾಯಿಗೆ ಇಷ್ಟು ಬೆಲೆ ಯಾವಾಗ ಬಂತು ಅಂತ ಅವತ್ತಿನಿಂದ ಓದ್ಲಿಕ್ಕೆ ಹತ್ತಿದೆ.

ಪ್ರಾಣಿ ಹಲ್ಲು ನೋಡೋದು ನಮ್ಮ ಕಡೆ ಹೊಸಾದಲ್ಲ. ನಮ್ಮಪ್ಪ ದನದ ಸಂತಿಯೊಳಗ ಎತ್ತಿನ ಕೆಳತುಟಿ ಸರಿಸಿ ನೋಡಿದ ಮ್ಯಾಲೆ ರೇಟು ಮಾತಾಡ್ತಿದ್ದ. ಎರಡು ಹಲ್ಲಂದ್ರ ಸುಮಾರು ಎರಡು ವರ್ಷದ್ದು, ಬಾಯಿಗೂಡಿದ್ರ ಐದರ ಆಸುಪಾಸು. (ದನಕ್ಕ ಮುಂದಿನ ಮ್ಯಾಲಿನ ಹಲ್ಲ ಇರೂದಿಲ್ಲ. ಸಣ್ಣಾಕಿದ್ದಾಗ ಅವು ಬಿದ್ದುಹೋಗ್ಯಾವ ಅಂತ ತಿಳಿದು ನಾ ಅತ್ತಿದ್ದೆನಂತ.) ಕುದುರಿದೂ ಹಂಗ. ಇಂಗ್ಲೆಂಡಿನ ಎಡ್ವರ್ಡ್ ಮೇಹ್ಯೂ ಅನ್ನಾವ 1849ರಾಗ ಕುದುರಿ ಬಾಯಿ ನೋಡಿ ವಯಸ್ಸು ಹೇಳೋದರ ಮ್ಯಾಲೆ ಒಂದು ಪುಸ್ತಕಾನ ಬರದಾನ. ಮಾರೋ ಪ್ರಾಣಿಯ ಬಾಯಿ ಎಲ್ಲಾರೂ ತೆಗೆದು ನೋಡ್ತಿದ್ರು.

ವೈದ್ಯಾನೂ ಅಂಥಾವಕ್ಕ ಇತ್ತು. ಚಾಲುಕ್ಯರ ಮನೆತನದ ಕೀರ್ತಿವರ್ಮ ಸುಮಾರು ಒಂಬೈನೂರು ವರ್ಷದ ಹಿಂದ ಕನ್ನಡದಾಗ 'ಗೋವೈದ್ಯ' ಬರದ. ಕುದುರಿಗೆ ಶಾಲಿಹೋತ್ರ, ಆನಿಗೆ ಪಾಲಕಾಪ್ಯ. ಫ್ರಾನ್ಸಿನ ಲಿಯೋನ್ ಊರಾಗ 1761ರಲ್ಲಿ ಪಶುವೈದ್ಯರ ಮೊದಲ ಶಾಲಿ ಹುಟ್ಟಿದ್ದೂ ದನದ ಬ್ಯಾನಿ, ಕುದುರಿಗಳ ಸಲುವಾಗಿ. ನಮ್ಮ ಹೆಬ್ಬಾಳದ ಕಾಲೇಜು ಬಂದದ್ದು 1958ಕ್ಕ. ಹಾಲು ಕೊಡಬೇಕು ಇಲ್ಲಾ ದುಡೀಬೇಕು. ಬೆಕ್ಕು ಎರಡೂ ಮಾಡೂದಿಲ್ಲ.

ಹಂಗಂತ ಬೆಕ್ಕು ಪುಕ್ಕಟೆ ತಿಂದದ್ದೂ ಅಲ್ಲ. ಸೈಪ್ರಸ್ ದ್ವೀಪದಾಗ ಸುಮಾರು 9,500 ವರ್ಷದ ಹಿಂದಿನ ಒಂದು ಗೋರಿಯೊಳಗ ಮನಿಷ್ಯಾನ ಬಾಜೂಕ ಬೆಕ್ಕನ್ನೂ ಮಣ್ಣು ಮಾಡ್ಯಾರ. ಕಾಳು ಇದ್ದಲ್ಲೆ ಇಲಿ, ಇಲಿ ಇದ್ದಲ್ಲೆ ಬೆಕ್ಕು. ನಮ್ಮ ಹುಬ್ಬಳ್ಳಿಗೆ 1898ರಾಗ ಪ್ಲೇಗು ಬಂದಾಗ ಮಂದಿ ಮನಿ ಬಿಟ್ಟು ಹೊಲದಾಗ ಗುಡಿಸಲ ಹಾಕ್ಕೊಂಡಿದ್ದ ಸುದ್ದಿ ನೀವೂ ಅಜ್ಜಿಯಂದಿರ ಬಾಯಿಂದ ಕೇಳಿರಬೇಕು. ಅದಾದ ಹತ್ತು ವರ್ಷಕ್ಕ ಅಮರಾವತಿಯ ಸಿವಿಲ್ ಸರ್ಜನ್ ಬುಕಾನನ್ ಅನ್ನಾವ, ಪ್ಲೇಗು ತಡೀಲಿಕ್ಕೆ ಬೆಕ್ಕು ಸಾಕ್ರಿ ಅಂತ ಬ್ರಿಟಿಷ್ ವೈದ್ಯ ಪತ್ರಿಕೆಯೊಳಗ ಬರದ. ಬೆಕ್ಕು ಜಾಸ್ತಿ ಇರೋ ಹಳ್ಳಿಗೆ ಪ್ಲೇಗು ಕಡಿಮಿ ಅಂತ ಅವನ ವಾದ. ಅಷ್ಟಾದ್ರೂ ಬೆಕ್ಕಿನ ಬಾಯಾಗ ಯಾರೂ ಇಣುಕಲಿಲ್ಲ.

ಬ್ಯಾನಿ ಮಾತ್ರ ಆಗಲೂ ಇತ್ತು. ಬೆಕ್ಕಿಗೆ 30 ಹಲ್ಲು. ಅವು ಬುಡದಿಂದ ಕರಗಿ ಹೋಗೋ ಒಂದು ರೋಗ ಅದ, ನಮ್ಮ ಚಿಂಗಿಗೂ ಅದ ಆಗಿದ್ದು. ಈಗಿನ ಡಬ್ಬಿ ಊಟದಿಂದ ಬಂದದ್ದಿರಬೇಕು ಅಂತ ನಾ ತಿಳಿದಿದ್ದೆ. ಆದ್ರ 13-14ನೇ ಶತಮಾನದ ಬೆಕ್ಕಿನ ದವಡಿ ಎಲುಬಿನ್ಯಾಗೂ ಆ ಗುರುತು ಸಿಕ್ಕಾವ. ಅಂದ್ರ ಏಳುನೂರು ವರ್ಷದಿಂದ ಅವು ಒಂದ ಬದಿಗೆ ಅಗಿದು, ಜೊಲ್ಲು ಸುರಿಸಿ, ಒಲಿ ಹಿಂದ ಮಲಗ್ಯಾವ. ಬೆಕ್ಕು ನೋವು ತೋರ್ಸೂದಿಲ್ಲ. ಚಿಂಗಿ ಅನ್ನ ಬಿಟ್ಟಿರಲಿಲ್ಲ, ತುತ್ತು ಬಾಯಿಂದ ಜಾರಿ ಬೀಳ್ತಿತ್ತು, ಅಷ್ಟ. (ಅದಕ್ಕ ಪ್ಯಾರಾಸಿಟಮಾಲ್ ಮಾತ್ರ ಹಾಕಬ್ಯಾಡ್ರೆವಾ, ಬೆಕ್ಕಿಗೆ ಅದು ವಿಷ.)

ಇನ್ನ ರೊಕ್ಕದ ಮಾತು. ರಕ್ತ ತಪಾಸಣೆ 1,500, ಎಕ್ಸ್‌ರೇ 1,200, ಅರವಳಿಕೆ 3,000, ಸ್ವಚ್ಛ ಮಾಡಿ ಎರಡು ಹಲ್ಲು ಕಿತ್ತದ್ದು 4,500, ಔಷಧ ಮತ್ತ ಎರಡನೇ ಸಲ ತೋರಿಸಿದ್ದು 1,200. ಬಿಲ್ಲು ನೋಡಿ ಹೊಟ್ಟಿ ತಣ್ಣಗಾತು ಖರೆ, ಆದ್ರ ಲೆಕ್ಕ ತಿಳೀತು. ನಾವು ಕುರ್ಚಿ ಮ್ಯಾಲೆ ಕೂತು ಆ ಅಂತೀವಿ. ಬೆಕ್ಕು ಅನ್ನೂದಿಲ್ಲ, ಪೂರ್ತಿ ಮಲಗಿಸಬೇಕು, ಗಂಟಲಕ್ಕ ನಳಿಗಿ ಹಾಕಬೇಕು, ಎದ್ದೇಳೋತನಕ ಒಬ್ಬರು ಕಾಯಬೇಕು. ಹಿಂಗ ಮಲಗಿಸೋ ವಿದ್ಯಾ ಹಬ್ಬಿದ್ದೂ ಹಲ್ಲಿನಿಂದನ. 1846ರ ಸೆಪ್ಟೆಂಬರ್ 30ಕ್ಕ ಬಾಸ್ಟನ್ನಿನ ಹಲ್ಲಿನ ವೈದ್ಯ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ನೋವಿಲ್ಲದ ಹಲ್ಲು ಕಿತ್ತ. ಪ್ರಾಣಿ ಹಲ್ಲಿಗೇ ಬ್ಯಾರೆ ತಜ್ಞರು ಅಂತ ಅಮೆರಿಕಾದಾಗ ಲೆಕ್ಕಕ್ಕ ಹಿಡಿದದ್ದು 1988ಕ್ಕ. ನನ್ನ ಮದುವಿ ಆದ ವರ್ಷ ಅದು!

ಇದನ್ನೆಲ್ಲಾ ರಾತ್ರಿ ಊಟದ ಹೊತ್ತಿನ್ಯಾಗ ಓದಿ ಹೇಳಿದೆ. ಅತ್ತಿಯವರು ಕೇಳಿ, "ನನ್ನ ದವಡಿ ಹಲ್ಲು ಕಿತ್ತಾಗ ಇಬ್ಬರು ಕೈ ಹಿಡಿದಿದ್ರು, ಒಬ್ಬರು ತಲಿ" ಅಂದ್ರು. ಸಿಟ್ಟಿನಿಂದಲ್ಲ, ಸುಮ್ಮನ ಹೇಳಿದ್ರು. ಆಗ ನೋಡಿದೆ, ರೊಟ್ಟಿ ಸಾರಿನ್ಯಾಗ ನೆನಸಿ ಒಂದ ಬದಿಗೆ ಅಗೀಲಿಕತ್ತಾರ. ಸೆಟ್ಟು ಒತ್ತಲಿಕ್ಕೆ ಹತ್ತಿ ಎಷ್ಟು ದಿನಾತು ಅಂತ ಕೇಳಿದೆ. "ಯುಗಾದಿಯಿಂದ. ಇರ್ಲಿ ಬಿಡವಾ, ಈಗ ಖರ್ಚಾಗೇದಲ್ಲ" ಅಂದ್ರು.

ಬರೋ ಸೋಮವಾರ ಹತ್ತೂವರಿಗೆ ಹೆಸರು ಹಚ್ಚಿಸೀನಿ. ಸೆಟ್ಟು ಹೊಸದು ಮಾಡಿಸಬೇಕಾದ್ರ ದೀಪಾವಳಿ ಸೀರಿ ಈ ವರ್ಷ ಇಲ್ಲ, ಅದನ್ನ ವೈನಿಗೆ ನಾನ ಹೇಳಿಬಿಟ್ಟೇನಿ. ಚಿಂಗಿ ಈಗ ತಾಟಿನ ಎರಡೂ ಬದಿಗೆ ತಿಂತದ.